ನಿಯೋಬಿಯಂ ಕಮ್ಮಿ ಬಂತು ಅಂತ ಆ ಎರಡು ಸ್ಯಾಂಪಲ್ ಬಿಸಾಕ್ಬೇಡಿ

ಪ್ರಶ್ನೆ: ಸರ್, ನಾನು ಎಂಎಸ್ಸಿ ಜಿಯಾಲಜಿ ಕೊನೇ ವರ್ಷ, ಊರು ಚಿತ್ರದುರ್ಗ. ಅಪ್ಪ ಮಸ್ಕತ್‌ನಲ್ಲಿ ಕೆಲಸ ಮಾಡೋದು, ರಜೆಗೆ ಹೋದಾಗ ಅಲ್ಲಿನ ಜಿಯಾಲಜಿಸ್ಟ್ ಒಬ್ರ ಜೊತೆ ಒಮಾನ್‌ನ ಸೊಹಾರ್ ಹತ್ರದ ವಾದಿ ಜಿಝ್ಝಿ ಅನ್ನೋ ಕಣಿವೆಗೆ ಹೋಗಿ ಪಿಲ್ಲೋ ಲಾವಾ (ದಿಂಬಿನಾಕಾರದ ಲಾವಾ) ನೋಡಿದೆ, ಅನುಮತಿ ತಗೊಂಡೇ ಆರು ಸ್ಯಾಂಪಲ್ ತಂದೆ. ಡಿಸರ್ಟೇಶನ್‌ಗೆ ಅದನ್ನೇ ಹಾಕಿ ಸಿನಾಪ್ಸಿಸ್‌ನಲ್ಲಿ 'ಮಿಡ್-ಓಷನ್ ರಿಡ್ಜ್‌ನಲ್ಲಿ ಹುಟ್ಟಿದ ಸಾಗರ ತಳದ ಕ್ರಸ್ಟ್' ಅಂತ, ಅಂದ್ರೆ ಸಮುದ್ರದ ಮಧ್ಯೆ ಪ್ಲೇಟ್‌ಗಳು ದೂರ ಸರಿಯೋ ಸಾಲುಬೆಟ್ಟದಲ್ಲಿ ಹುಟ್ಟಿದ್ದು ಅಂತ, ಬರೆದುಬಿಟ್ಟಿದೀನಿ. ಈಗ ಐಸಿಪಿ-ಎಂಎಸ್ (ಕಲ್ಲಲ್ಲಿ ಯಾವ ಎಲಿಮೆಂಟ್ ಎಷ್ಟಿದೆ ಅಂತ ಅಳೆಯೋ ಯಂತ್ರ) ರಿಸಲ್ಟ್ ಬಂದಿದೆ, ಶೀಟ್ ಕಳಿಸಿದೀನಿ. ಕಲ್ಲು ಹಸಿರಾಗಿದೆ. ನಾಲ್ಕು ಸ್ಯಾಂಪಲ್‌ನಲ್ಲಿ ನಿಯೋಬಿಯಂ ಸ್ವಲ್ಪ ಕೆಳಗೆ, ಇನ್ನೆರಡರಲ್ಲಿ ಗುಂಡಿ ಬಿದ್ದಂಗೆ ಇದೆ, ಥೋರಿಯಂ ಮಾತ್ರ ಮೇಲೆ. ಸೀನಿಯರ್ ಒಬ್ರು 'ಲ್ಯಾಬ್ ಎರರ್, ಆ ಎರಡನ್ನ ಬಿಟ್ಟು ಪ್ಲಾಟ್ ಮಾಡು' ಅಂತಾರೆ. ಇನ್ನೊಬ್ರು 'ಇದು ಸಾಗರ ತಳಾನೇ ಅಲ್ಲ, ಐಲ್ಯಾಂಡ್ ಆರ್ಕ್' ಅಂತಾರೆ. ಆದ್ರೆ ಶೀಟೆಡ್ ಡೈಕ್ (ಬಿರುಕಿನಲ್ಲಿ ಮ್ಯಾಗ್ಮಾ ಗಟ್ಟಿಯಾದ ಗೋಡೆಗಳ ಸಾಲು) ನಾನೇ ಕಣ್ಣಾರೆ ನೋಡಿದೀನಿ. ವೈವಾಗೆ ಒಂದೂವರೆ ತಿಂಗಳಿದೆ. ಎಲ್ಲಿ ತಪ್ಪಿದೀನಿ?

ಉತ್ತರ: ನಿಮ್ಮ ಗಾಬರಿ ನನಗೆ ಅರ್ಥ ಆಗಿರೋದು ಹೀಗೆ. ಕಲ್ಲಿನ ಆಕಾರ, ಜೋಡಣೆ ಎಲ್ಲಾ 'ಸಾಗರ ತಳ' ಅಂತಿದೆ, ಕೆಮಿಸ್ಟ್ರಿ 'ಜ್ವಾಲಾಮುಖಿ ದ್ವೀಪ' ಅಂತಿದೆ, ಎರಡರಲ್ಲಿ ಒಂದು ಸುಳ್ಳು ಹೇಳ್ತಿರ್ಬೇಕು, ಅದು ಲ್ಯಾಬ್ ಇರ್ಬೇಕು ಇಲ್ಲಾ ನೀವಿರ್ಬೇಕು. ಇಲ್ಲ, ಎರಡೂ ನಿಜಾನೇ ಹೇಳ್ತಿವೆ. ಮತ್ತೆ ಈ ಜಗಳ ನಿಮ್ಮ ಡಿಪಾರ್ಟ್‌ಮೆಂಟ್‌ನಲ್ಲಿ ಶುರುವಾಗಿದ್ದೂ ಅಲ್ಲ, ಇದಕ್ಕೆ ಐವತ್ತು ವರ್ಷ ದಾಟಿದೆ. 1973ರಲ್ಲಿ ಅಕಿಹೊ ಮಿಯಾಶಿರೊ ಅನ್ನೋ ಜಪಾನಿ ವಿಜ್ಞಾನಿ ಸೈಪ್ರಸ್‌ನ ಟ್ರೂಡೊಸ್ ಬೆಟ್ಟದ ಲಾವಾ ಕೆಮಿಸ್ಟ್ರಿ ನೋಡಿ 'ಇದು ಬಹುಶಃ ಐಲ್ಯಾಂಡ್ ಆರ್ಕ್‌ನಲ್ಲಿ ಹುಟ್ಟಿದ್ದು' ಅಂತ ಬರೆದರು, ಆಗ ಟ್ರೂಡೊಸ್ ಅಂದ್ರೆ ಎಲ್ರಿಗೂ ಮಿಡ್-ಓಷನ್ ರಿಡ್ಜ್‌ನ ಮಾದರಿ ಕಲ್ಲು, ಪ್ಲೇಟ್ ಟೆಕ್ಟಾನಿಕ್ಸ್ ಹೊಸದಾಗಿ ಬಂದ ಹುರುಪು ಬೇರೆ, ಜನ ಮೈಮೇಲೆ ಬಿದ್ದರು ಅಂತಾನೇ ಹೇಳ್ಬೇಕು. 'ಸಮುದ್ರದ ನೀರು ಕಲ್ಲಿನ ಕೆಮಿಸ್ಟ್ರಿ ಕೆಡಿಸಿದೆ, ನೀವು ನೋಡ್ತಿರೋದು ಆ ಕೆಟ್ಟ ಕೆಮಿಸ್ಟ್ರಿ' ಅಂದ್ರು. ಆ ಆಕ್ಷೇಪಣೆಯಲ್ಲಿ ಅರ್ಧ ಸತ್ಯ ಇತ್ತು, ಅದಕ್ಕೆ ಆಮೇಲೆ ಬರ್ತೀನಿ. ಮುಂದೆ ನೀರಿಗೆ ಅಲ್ಲಾಡದ ಎಲಿಮೆಂಟ್‌ಗಳನ್ನ ಅಳೆದಾಗ್ಲೂ ಸಬ್‌ಡಕ್ಷನ್, ಅಂದ್ರೆ ಒಂದು ಪ್ಲೇಟ್ ಇನ್ನೊಂದರ ಕೆಳಗೆ ಮುಳುಗೋದರ ಗುರುತು ಹಾಗೇ ಉಳೀತು. ಅದೇ ಹೊತ್ತಿಗೆ ಶೀಟೆಡ್ ಡೈಕ್‌ಗಳೂ ಅಲ್ಲೇ ಇದ್ವು, ಅವನ್ನೇನು ಅಳಿಸಕ್ಕಾಗತ್ತಾ? ಕೊನೆಗೆ 1984ರಲ್ಲಿ ಜೂಲಿಯನ್ ಪಿಯರ್ಸ್ ಮತ್ತು ಅವರ ಜೊತೆಯವರು 'ಸುಪ್ರಾ-ಸಬ್‌ಡಕ್ಷನ್ ಝೋನ್ ಆಫಿಯೋಲೈಟ್' ಅಂತ ಬೇರೆ ಜಾತಿನೇ ಮಾಡಿದ್ರು. ಆಫಿಯೋಲೈಟ್ ಅಂದ್ರೆ ನೆಲದ ಮೇಲೆ ಹತ್ತಿ ಕೂತ ಸಾಗರ ತಳದ ತುಂಡು. ಸಾಗರ ತಳ ಹೌದು, ಸೀಳಿ ಹರಡಿ ಹುಟ್ಟಿದ್ದೂ ಹೌದು, ಆದ್ರೆ ಹುಟ್ಟಿದ್ದು ಮುಳುಗ್ತಿರೋ ಇನ್ನೊಂದು ಪ್ಲೇಟ್‌ನ ಮೇಲ್ಗಡೆ. ನಿಮ್ಮ ಒಮಾನ್ ಕಲ್ಲು ಇದರ ನೆಂಟ.

ಈಗ ನೀವು ಹಿಡ್ಕೊಂಡಿರೋ ಒಂದೆರಡು ತಪ್ಪು ನಂಬಿಕೆ ಬಿಡಿಸ್ತೀನಿ, ತಪ್ಪು ನಿಮ್ಮದಲ್ಲ, ನಮ್ಮ ಬಿಎಸ್ಸಿ ಪಾಠಾನೇ ಹಂಗಿದೆ.

ಪಿಲ್ಲೋ ಲಾವಾ ಇದ್ದ ಮಾತ್ರಕ್ಕೆ ಮಿಡ್-ಓಷನ್ ರಿಡ್ಜ್ ಆಗಲ್ಲ. ದಿಂಬಿನ ಆಕಾರ ಹೇಳೋದು ಒಂದೇ ಮಾತು, ಲಾವಾ ನೀರಿನೊಳಗೆ ಉಕ್ಕಿದೆ ಅಂತ. ಯಾವ ನೀರು, ಕೆಳಗೆ ಯಾವ ಪ್ಲೇಟು, ಅದು ಆಕಾರಕ್ಕೆ ಗೊತ್ತಿಲ್ಲ. ನಿಮ್ಮೂರ ಪಕ್ಕದ ಮರಡಿಹಳ್ಳಿಯಲ್ಲೇ ಪಿಲ್ಲೋ ಲಾವಾ ಇದೆಯಲ್ಲ, ಜಿಎಸ್‌ಐ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ) ಅದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ, ನೀವು ನೋಡಿರ್ತೀರಿ, ಕಲ್ಲು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೇದು. ಅದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಆಕಾರ ಒಂದೇ ಥರ ಇದೆ ಅಂತ ಒಂದೇ ಮನೆ ಮಕ್ಕಳು ಅಂದ್ಕೊಂಡ್ರೆ ಕಷ್ಟ.

ಶೀಟೆಡ್ ಡೈಕ್ ವಿಷ್ಯಾನೂ ಅಷ್ಟೇ. ಒಂದು ಡೈಕ್ ಮಧ್ಯ ಸೀಳಿ ಇನ್ನೊಂದು ಡೈಕ್, ಅದರ ಮಧ್ಯ ಮತ್ತೊಂದು, ಬೀರುವಿನಲ್ಲಿ ಪುಸ್ತಕ ಒತ್ತಿಟ್ಟಂಗೆ ನಿಂತಿರತ್ತಲ್ಲ, ಅದು ನೆಲ ಎರಡೂ ಕಡೆ ಎಳೆದುಕೊಂಡು ಹೋಗ್ತಾ ಇತ್ತು, ಖಾಲಿಯಾದ ಜಾಗಕ್ಕೆಲ್ಲಾ ಮ್ಯಾಗ್ಮಾ ತುಂಬ್ತಾ ಇತ್ತು ಅನ್ನೋದಕ್ಕೆ ಗಟ್ಟಿ ಸಾಕ್ಷಿ. ಹರಡುವಿಕೆಗೆ ಸಾಕ್ಷಿ. ಅಟ್ಲಾಂಟಿಕ್ ಮಧ್ಯದಲ್ಲೇ ಹರಡಿತ್ತು ಅನ್ನೋದಕ್ಕಲ್ಲ. ಆದ್ದರಿಂದ 'ಇದು ಸಾಗರ ತಳಾನೇ ಅಲ್ಲ' ಅನ್ನೋ ಆ ಇನ್ನೊಬ್ರೂ ತಪ್ಪು, ಬೆಳೆದು ನಿಂತ ಆರ್ಕ್ ಆಗಿದ್ರೆ ಕಿಲೋಮೀಟರ್‌ಗಟ್ಟಲೆ ಉದ್ದಕ್ಕೆ ಬರೀ ಡೈಕ್ ಸಿಗ್ತಿರ್ಲಿಲ್ಲ.

ಹಾಗಾದ್ರೆ ನಿಯೋಬಿಯಂ ಯಾಕೆ ಬಿತ್ತು? ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ವೈವಾದಲ್ಲಿ ನಿಮ್ಮನ್ನ ಉಳಿಸೋದು ಇದೇ.

ಮಿಡ್-ಓಷನ್ ರಿಡ್ಜ್‌ನಲ್ಲಿ ಮ್ಯಾಂಟಲ್ (ಕ್ರಸ್ಟ್ ಕೆಳಗಿನ ಕಲ್ಲಿನ ಪದರ) ಕರಗೋದು ಬಿಸಿ ಜಾಸ್ತಿ ಆಗಿ ಅಲ್ಲ, ಮೇಲೆ ಬರ್ತಾ ಬರ್ತಾ ಒತ್ತಡ ಕಮ್ಮಿ ಆಗಿ. ಒಣ ಕರಗುವಿಕೆ. ಫಿಲ್ಟರ್‌ನಲ್ಲಿ ಮೊದಲನೇ ಡಿಕಾಕ್ಷನ್ ಇಳಿಸಿದಂಗೆ ಅಂದ್ಕೊಳಿ, ಕಾಫಿಪುಡಿಯಲ್ಲಿ ಇರೋ ಸತ್ವದಲ್ಲಿ ಒಂದು ಪಾಲು ಇಳಿದು ಬರತ್ತೆ, ಕೆಳಗೆ ಆರೇಳು ಕಿಲೋಮೀಟರ್ ದಪ್ಪದ ಕ್ರಸ್ಟ್ ಆಗತ್ತೆ. (ಡಿಕಾಕ್ಷನ್ ಕೆಳಗಿಳಿಯತ್ತೆ, ಮ್ಯಾಗ್ಮಾ ಮೇಲೇರತ್ತೆ, ಅದೊಂದು ಉಲ್ಟಾ, ಇರ್ಲಿ.) ಈಗ ಒಂದು ಹಳೇ ಪ್ಲೇಟ್ ಇನ್ನೊಂದರ ಕೆಳಗೆ ಮುಳುಗೋಕೆ ಶುರು ಮಾಡ್ತು ಅನ್ನಿ. ಆ ಮುಳುಗೋ ಪ್ಲೇಟ್ ಸಮುದ್ರದ ತಳದಲ್ಲಿ ಕೋಟಿಗಟ್ಟಲೆ ವರ್ಷ ನೆನೆದಿರತ್ತೆ, ಅದರ ಖನಿಜಗಳೊಳಗೇ ನೀರು ಸೇರ್ಕೊಂಡಿರತ್ತೆ, ಮೇಲೆ ಕೆಸರಿನ ಪದರ ಬೇರೆ. ಕೆಳಗೆ ಹೋಗ್ತಾ ಒತ್ತಡಕ್ಕೆ, ಬಿಸಿಗೆ ಆ ನೀರು ಹಿಂಡಿ ಹೊರಗೆ ಬಂದು ಮೇಲಿನ ಮ್ಯಾಂಟಲ್‌ಗೆ ಸೇರತ್ತೆ. ಐಸ್‌ಗೆ ಉಪ್ಪು ಹಾಕಿದ್ರೆ ಬೇಗ ಕರಗಲ್ವಾ, ಮ್ಯಾಂಟಲ್‌ಗೆ ನೀರು ಅದೇ ಕೆಲಸ ಮಾಡತ್ತೆ, ಕರಗೋ ಉಷ್ಣತೆ ಇಳಿಸಿಬಿಡತ್ತೆ. ತುಂಬಾ ಜನ ಮುಳುಗೋ ಪ್ಲೇಟೇ ಕರಗಿ ಲಾವಾ ಆಗತ್ತೆ ಅಂದ್ಕೊಂಡಿರ್ತಾರೆ, ಸಾಮಾನ್ಯವಾಗಿ ಹಂಗಲ್ಲ, ಮುಖ್ಯವಾಗಿ ಕರಗೋದು ಮೇಲಿನ ಮ್ಯಾಂಟಲ್ಲು, ಕೆಳಗಿನದು ನೀರು, ಮಸಾಲೆ ಕಳಿಸತ್ತೆ ಅಷ್ಟೇ.

ಮಸಾಲೆ ಅಂದ್ನಲ್ಲ, ಎಲ್ಲಾ ಎಲಿಮೆಂಟೂ ಆ ನೀರಿನ ಜೊತೆ ಹೊರಡಲ್ಲ. ಬೇರಿಯಂ, ರುಬಿಡಿಯಂ, ಸೀಸ, ಸ್ಟ್ರಾನ್ಶಿಯಂ ಖುಷಿಯಾಗಿ ಹೊರಡ್ತಾವೆ. ಥೋರಿಯಂ ಸ್ವಲ್ಪ ಬಿಗುಮಾನದ್ದು, ಬರೀ ನೀರಿಗೆ ಬರಲ್ಲ, ಕೆಸರು ಕರಗಿದಾಗ ಬರತ್ತೆ. ನಿಯೋಬಿಯಂ, ಟ್ಯಾಂಟಲಮ್ ಮಾತ್ರ ನೀರಿಗೆ ಸೊಪ್ಪು ಹಾಕಲ್ಲ, ಅದರ ಮೇಲೆ ಮುಳುಗಿರೋ ಕಲ್ಲಲ್ಲಿ ರುಟೈಲ್ ಅನ್ನೋ ಖನಿಜ ಇದ್ರೆ ಅದು ಇವನ್ನ ಗಟ್ಟಿಯಾಗಿ ಹಿಡ್ಕೊಂಡುಬಿಡತ್ತೆ. ಆಗ ಮೇಲಿನ ಲಾವಾದಲ್ಲಿ ಏನಾಗತ್ತೆ, ಅಕ್ಕಪಕ್ಕದ ಥೋರಿಯಂ, ಲ್ಯಾಂಥನಮ್ ಏರಿ ಮಧ್ಯ ನಿಯೋಬಿಯಂ ಇದ್ದಲ್ಲೇ ಉಳಿಯತ್ತೆ. ಗ್ರಾಫ್‌ನಲ್ಲಿ ಗುಂಡಿ ಥರ ಕಾಣೋದು ಅದೇ, ಬಹಳಷ್ಟು ಸಲ ಅದು ಬಿದ್ದಿರಲ್ಲ, ಪಕ್ಕದವರು ಎದ್ದಿರ್ತಾರೆ.

ನಿಮ್ಮ ನಂಬರ್‌ಗಳನ್ನೇ ತಗೊಳ್ಳೋಣ. ನಾರ್ಮಲ್ ಮಾರ್ಬ್, ಅಂದ್ರೆ ಸಾಮಾನ್ಯ ಮಿಡ್-ಓಷನ್ ರಿಡ್ಜ್ ಬಸಾಲ್ಟ್‌ಗೆ ನಾವೆಲ್ಲಾ ಬಳಸೋ ಸರಾಸರಿಯಲ್ಲಿ ನಿಯೋಬಿಯಂ 2.33 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ), ಥೋರಿಯಂ 0.12. ಥೋರಿಯಂನ ನಿಯೋಬಿಯಂನಿಂದ ಭಾಗಿಸಿದ್ರೆ 0.05. ನೀವು ಕಳಿಸಿರೋ ಶೀಟ್‌ನಲ್ಲಿ ಮೊದಲನೇ ಸ್ಯಾಂಪಲ್ ನಿಯೋಬಿಯಂ 2.0, ಥೋರಿಯಂ 0.2, ಅನುಪಾತ 0.1, ಮಾರ್ಬ್‌ನ ಎರಡರಷ್ಟು. ಐದನೇ ಸ್ಯಾಂಪಲ್ 0.5ಕ್ಕೆ 0.15, ಅಂದ್ರೆ 0.3, ಆರರಷ್ಟು! ಇನ್ನೊಂದು ಲೆಕ್ಕ ಮಾಡಿ, ಟೈಟಾನಿಯಂ ಬೈ ವನೇಡಿಯಂ. ಮೊದಲನೇದರಲ್ಲಿ ಟೈಟಾನಿಯಂ ಡೈಆಕ್ಸೈಡ್ ಶೇಕಡಾ 1.3, ಅದನ್ನ ಎಲಿಮೆಂಟ್ ಮಾಡಿದ್ರೆ ಸುಮಾರು 7,800 ಪಿಪಿಎಂ, ವನೇಡಿಯಂ 330, ಭಾಗಿಸಿದ್ರೆ 24ರ ಹತ್ರ. ಐದನೇದರಲ್ಲಿ ಶೇಕಡಾ 0.5, ಅಂದ್ರೆ 3,000 ಪಿಪಿಎಂ, ವನೇಡಿಯಂ 250, ಭಾಗಿಸಿದ್ರೆ 12. ಜಾನ್ ಶೆರ್ವೈಸ್ 1982ರಲ್ಲಿ ಹಾಕಿಕೊಟ್ಟ ಲೆಕ್ಕದಲ್ಲಿ 20ರಿಂದ 50 ಮಾರ್ಬ್ ಕಡೆ, 20ಕ್ಕಿಂತ ಕೆಳಗೆ ಆರ್ಕ್ ಕಡೆ, 10ರ ಕೆಳಗೆ ಬೋನಿನೈಟ್ (ಅದೇನು ಅಂತ ಮುಂದೆ ಹೇಳ್ತೀನಿ) ಪ್ರದೇಶ. ಇಲ್ಲಿ ನೋಡ್ಬೇಕಾದ್ದು ಏನಂದ್ರೆ ನಿಯೋಬಿಯಂಗೆ ಸಂಬಂಧಾನೇ ಇಲ್ಲದ ಎರಡು ಎಲಿಮೆಂಟ್ ಸಹ ಅದೇ ಸ್ಯಾಂಪಲ್‌ನ ಅದೇ ದಿಕ್ಕಿಗೆ ಎಳೀತಿವೆ. ಲ್ಯಾಬ್ ಎರರ್ ಇಷ್ಟು ಅಚ್ಚುಕಟ್ಟಾಗಿ ಇರಲ್ಲ.

ಇನ್ನು ಒಮಾನ್ ಕಥೆ. ಸಮೈಲ್ ಆಫಿಯೋಲೈಟ್ ಅಂದ್ರೆ ಸುಮಾರು 500 ಕಿಲೋಮೀಟರ್ ಉದ್ದದ ಸಾಗರ ತಳದ ತುಂಡು, ಅರೇಬಿಯಾ ಅಂಚಿನ ಮೇಲೆ ಹತ್ತಿ ಕೂತಿದೆ. ಅದರ ಆಳದಲ್ಲಿ ನಿಧಾನಕ್ಕೆ ಗಟ್ಟಿಯಾದ ಗ್ಯಾಬ್ರೊ ಮತ್ತೆ ಬಿಳಿ ಟೊನಾಲೈಟ್ ಕಲ್ಲುಗಳಿಂದ ಝಿರ್ಕಾನ್ (ವಯಸ್ಸು ಕಟ್ಟೋಕೆ ಬಳಸೋ ಹರಳು) ತೆಗೆದು ವಯಸ್ಸು ಕಟ್ಟಿದ್ರೆ ಬಹುತೇಕ ಎಲ್ಲಾ 9.6ರಿಂದ 9.5 ಕೋಟಿ ವರ್ಷದ ಒಳಗೇ ಬರತ್ತೆ. ಲಾವಾ ಕೆಳಗಿನ ಪದರಕ್ಕೆ ಜಿಯೋಟೈಮ್ಸ್ ಅಂತ ಹೆಸರು, ವಾದಿ ಜಿಝ್ಝಿಯ ಆ ಪಿಲ್ಲೋ ಫೋಟೋ ಆ ಹೆಸರಿನ ಪತ್ರಿಕೆಯ ಮುಖಪುಟಕ್ಕೆ ಬಂದಿದ್ದಕ್ಕೆ ಬಂದ ಹೆಸರು, ನೀವು ಸೆಲ್ಫಿ ತಗೊಂಡಿರೋ ಕಲ್ಲು ಅದೇ ಅನ್ಸತ್ತೆ. ಅದರ ಮೇಲೆ ಲಸೈಲ್, ಆಮೇಲೆ ಆ್ಯಲಿ. ಕೆಳಗಿನ ಜಿಯೋಟೈಮ್ಸ್ ನೋಡೋಕೆ ಮಾರ್ಬ್ ಥರಾನೇ ಇರತ್ತೆ, ಮೇಲೆ ಹೋಗ್ತಾ ಹೋಗ್ತಾ ಟೈಟಾನಿಯಂ ಇಳಿದು, ಸಬ್‌ಡಕ್ಷನ್ ವಾಸನೆ ಏರಿ, ಆ್ಯಲಿ ಮಟ್ಟದಲ್ಲಿ ಕೆಲವು ಕಡೆ ಬೋನಿನೈಟೇ ಸಿಗತ್ತೆ. ಬೋನಿನೈಟ್ ಅಂದ್ರೆ ಎರಡನೇ ಡಿಕಾಕ್ಷನ್. ಒಂದ್ಸಲ ಸತ್ವ ಇಳಿದ ಚರಟದ ಮೇಲೆ ಮತ್ತೆ ಬಿಸಿನೀರು ಹೊಯ್ದಂಗೆ, ಸತ್ತುಹೋದ ಮ್ಯಾಂಟಲ್‌ನಿಂದ ನೀರಿನ ಬಲದಲ್ಲಿ ಮತ್ತೆ ಹಿಂಡಿದ್ದು. ಅದಕ್ಕೇ ಟೈಟಾನಿಯಂ ಶೇಕಡಾ ಅರ್ಧಕ್ಕಿಂತ ಕಮ್ಮಿ, ಆದ್ರೆ ಮೆಗ್ನೀಷಿಯಂ, ಸಿಲಿಕಾ ಎರಡೂ ಜಾಸ್ತಿ, ವಿಚಿತ್ರ ಜೋಡಿ.

ಇದೇ ಕ್ರಮ ಜೀವಂತ ಸಮುದ್ರದಲ್ಲೂ ಸಿಕ್ಕಿದೆ ಅನ್ನೋದೇ ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ. ಜಪಾನಿನ ದಕ್ಷಿಣಕ್ಕೆ ಇಝು-ಬೋನಿನ್-ಮರಿಯಾನಾ, ಬೋನಿನೈಟ್ ಹೆಸರು ಬಂದಿದ್ದೇ ಅಲ್ಲಿನ ದ್ವೀಪಗಳಿಂದ. ಅಲ್ಲಿ ಸುಮಾರು 5.2 ಕೋಟಿ ವರ್ಷದ ಹಿಂದೆ ಪೆಸಿಫಿಕ್ ಪ್ಲೇಟ್ ಮುಳುಗೋಕೆ ಶುರುವಾದಾಗ ಮೇಲಿನ ಪ್ಲೇಟ್‌ನ ಅಂಚು ಎಳೆದುಕೊಂಡು ಸೀಳಿತು, ಅಲ್ಲೊಂದು ಹೊಸ ಸಾಗರ ತಳ ಹುಟ್ಟಿತು. 2014ರಲ್ಲಿ ಐಒಡಿಪಿಯ (ಸಮುದ್ರ ತಳ ಕೊರೆಯೋ ಅಂತಾರಾಷ್ಟ್ರೀಯ ಯೋಜನೆ) 352ನೇ ಯಾನದಲ್ಲಿ ಅಲ್ಲಿ ಕೊರೆದು ನೋಡಿದ್ರು, ಟ್ರೆಂಚ್ (ಪ್ಲೇಟ್ ಮುಳುಗೋ ಕಡೆಯ ಆಳದ ಕಂದಕ) ಕಡೆ ಸಿಕ್ಕಿದ್ದು ಮಾರ್ಬ್‌ನ ಹೋಲುವ ಫೋರ್‌ಆರ್ಕ್ ಬಸಾಲ್ಟ್, ಇನ್ನೂ ಒಳಗೆ ಬೋನಿನೈಟ್. ಮೊದಮೊದಲ ಲಾವಾಕ್ಕೆ ಕೆಳಗಿನ ಪ್ಲೇಟ್‌ನ ನೀರು ಇನ್ನೂ ಸರಿಯಾಗಿ ಮುಟ್ಟಿರ್ಲಿಲ್ಲ, ಮುಟ್ಟಿದ ಮೇಲೆ ರುಚಿ ಬದಲಾಯ್ತು. ನಿಮ್ಮ ನಾಲ್ಕು ಪ್ಲಸ್ ಎರಡು ಸ್ಯಾಂಪಲ್ ಹೇಳ್ತಿರೋದೂ ಬಹುಶಃ ಇದೇ ಕಥೆ.

ಇನ್ನೊಂದು ಪ್ರಶ್ನೆ ನೀವು ಕೇಳಿಲ್ಲ, ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಕೇಳೇ ಕೇಳ್ತಾರೆ. ಭೂಮಿ ಮೇಲೆ ಅಷ್ಟೊಂದು ಮಾರ್ಬ್ ಕ್ರಸ್ಟ್ ಇರುವಾಗ ನೆಲದ ಮೇಲೆ ಹತ್ತಿರೋ ದೊಡ್ಡ ತುಂಡುಗಳೆಲ್ಲಾ ಯಾಕೆ ಹೆಚ್ಚಾಗಿ ಸಬ್‌ಡಕ್ಷನ್ ಗುರುತಿನವೇ? ಯಾಕಂದ್ರೆ ಸಾಮಾನ್ಯ ಸಾಗರ ತಳ ಇರೋದು ಮುಳುಗೋ ಪ್ಲೇಟ್ ಮೇಲೆ, ಅದು ತಣ್ಣಗಾಗಿ ಭಾರ ಆಗಿ ಕೆಳಗೇ ಹೋಗತ್ತೆ, ಈಗ ಸಮುದ್ರದಲ್ಲಿ ಜಾಗದಲ್ಲೇ ಉಳಿದಿರೋದು ಬಹುಪಾಲು 18 ಕೋಟಿ ವರ್ಷದ ಒಳಗಿನದೇ. ಹತ್ತಿ ಕೂರೋ ಅವಕಾಶ ಇರೋದು ಮೇಲಿನ ಪ್ಲೇಟ್‌ನ ಮುಂದಿನ ಅಂಚಿಗೆ. ಮುಳುಗೋ ಪ್ಲೇಟ್‌ನ ಹಿಂದೆ ಖಂಡ ಬಂದು ಬಾಯಿಗೆ ಸಿಕ್ಕಿಹಾಕಿಕೊಳ್ಳತ್ತೆ, ಖಂಡ ಹಗುರ, ಮುಳುಗಲ್ಲ, ಆಗ ಮೇಲಿನ ಅಂಚು ಅದರ ಮೇಲೆ ಸವಾರಿ ಮಾಡತ್ತೆ. ಒಮಾನ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದು ಅರೇಬಿಯಾ. ನಮ್ಮ ಅಂಡಮಾನ್ ಆಫಿಯೋಲೈಟ್‌ನಲ್ಲೂ ಸುಮಾರು 9.5 ಕೋಟಿ ವರ್ಷದ ಝಿರ್ಕಾನ್ ವಯಸ್ಸು ಬಂದಿದೆ, ಸಬ್‌ಡಕ್ಷನ್ ಗುರುತೂ ಇದೆ, ಮುಂದೆ ಪಿಎಚ್‌ಡಿ ಮನಸ್ಸಿದ್ರೆ ತಲೇಲಿ ಇಟ್ಕೊಳಿ.

ಎಲ್ಲರೂ ಒಪ್ಪಿದಾರೆ ಅಂತ ಬರೀಬೇಡಿ ಮತ್ತೆ. ಅಡಾಲ್ಫ್ ನಿಕೊಲಾ, ಫ್ರಾಂಸ್ವಾಸ್ ಬುಡಿಯೆ ದಶಕಗಳ ಕಾಲ ಒಮಾನ್‌ನ ಮ್ಯಾಂಟಲ್ ಅಳೆದು ಇದು ವೇಗದ ಮಿಡ್-ಓಷನ್ ರಿಡ್ಜೇ ಅಂತ ವಾದಿಸಿದವರು, ಅವರ ಫೀಲ್ಡ್ ಕೆಲಸ ಅಷ್ಟು ಸುಲಭಕ್ಕೆ ತಳ್ಳಿಹಾಕೋದಲ್ಲ. 2013ರಲ್ಲಿ ಕ್ರಿಸ್ ಮ್ಯಾಕ್‌ಲಿಯಾಡ್ ಮತ್ತು ಜೊತೆಯವರು ಜಿಯೋಟೈಮ್ಸ್ ಮ್ಯಾಗ್ಮಾದಲ್ಲೂ ಮಾರ್ಬ್‌ಗಿಂತ ನೀರು ಜಾಸ್ತಿ ಇತ್ತು, ಇದು 'ತೇವದ ಮಾರ್ಬ್' ಅಂತ ತೋರಿಸಿದ್ರು. 2018ರಲ್ಲಿ ಕಾರ್ಲ್ ಗಿಲ್ಮೆಟ್ ತಂಡ ಕೆಳಗಿನ ಮೆಟಾಮಾರ್ಫಿಕ್ ಸೋಲ್‌ನ (ಆಫಿಯೋಲೈಟ್ ಅಡಿಯಲ್ಲಿ ಬಿಸಿಗೆ, ಒತ್ತಡಕ್ಕೆ ರೂಪ ಬದಲಾದ ಕಲ್ಲಿನ ಪದರ) ಗಾರ್ನೆಟ್ ಖನಿಜಕ್ಕೆ ಸುಮಾರು 10.4 ಕೋಟಿ ವರ್ಷ ವಯಸ್ಸು ಕಟ್ಟಿದ್ರು, ಅಂದ್ರೆ ಮೇಲಿನ ಕ್ರಸ್ಟ್ ಹುಟ್ಟೋಕೆ ಮುಂಚೆಯೇ ಕೆಳಗೆ ಪ್ಲೇಟ್ ಮುಳುಗೋಕೆ ಶುರುವಾಗಿತ್ತು. ನನ್ನ ತಕ್ಕಡಿ ಈಗ ಸಬ್‌ಡಕ್ಷನ್ ಕಡೆ ವಾಲಿದೆ.

ಸರಿ, ಈಗ ಒಂದೂವರೆ ತಿಂಗಳಲ್ಲಿ ಏನು ಮಾಡ್ತೀರಿ.

ಆ ಎರಡು ಸ್ಯಾಂಪಲ್ ಬಿಟ್ಟು ಪ್ಲಾಟ್ ಮಾಡೋದು ಒಂದು ದಾರಿ, ಅದನ್ನ ಮಾಡಿದ್ರೆ ನಿಮ್ಮ ಡಿಸರ್ಟೇಶನ್‌ನ ಅತ್ಯಂತ ರುಚಿಯಾದ ಭಾಗ ನೀವೇ ಚೆಲ್ಲಿದಂಗೆ, ಅದೂ ಅಲ್ದೆ ಅನೆಕ್ಷರ್‌ನಲ್ಲಿ ಆರು ಸ್ಯಾಂಪಲ್ ಇದ್ದು ಗ್ರಾಫ್‌ನಲ್ಲಿ ನಾಲ್ಕೇ ಇದ್ರೆ ಎಕ್ಸ್‌ಟರ್ನಲ್ ಕಣ್ಣಿಗೆ ಮೊದಲು ಬೀಳೋದು ಅದೇ.

ಲ್ಯಾಬ್ ಮೇಲೆ ಅನುಮಾನ ಇದ್ರೆ ಅನುಮಾನನ ಪರೀಕ್ಷೆ ಮಾಡಿ. ನಿಮ್ಮ ಬ್ಯಾಚ್ ಜೊತೆ ಯಾವ ಸ್ಟ್ಯಾಂಡರ್ಡ್ (ಮೊದಲೇ ಅಳತೆ ಗೊತ್ತಿರೋ ಕಲ್ಲಿನ ಪುಡಿ) ರನ್ ಮಾಡಿದ್ರು ಕೇಳಿ. ಬಿಎಚ್‌ವಿಒ-2 ಒಂದೇ ಆಗಿದ್ರೆ ಅದು ಹವಾಯಿ ಬಸಾಲ್ಟ್, ನಿಯೋಬಿಯಂ 18 ಪಿಪಿಎಂ ಹತ್ರ, ಅದು ಸರಿ ಬಂತು ಅಂತ ನಿಮ್ಮ 0.5 ಸರಿ ಅಂತ ಹೇಳಕ್ಕಾಗಲ್ಲ, ಮೂಟೆ ತೂಗೋ ತಕ್ಕಡಿಯಲ್ಲಿ ಚಿನ್ನ ತೂಗಿದಂಗೆ. ಬಿಐಆರ್-1 ಅಂತ ಐಸ್‌ಲ್ಯಾಂಡ್ ಬಸಾಲ್ಟ್ ಇದೆ, ಅದರಲ್ಲಿ ನಿಯೋಬಿಯಂ ಅರ್ಧ ಪಿಪಿಎಂ ಆಸುಪಾಸು, ಅದರ ಜೊತೆ ಎರಡು ಡುಪ್ಲಿಕೇಟ್ ಹಾಕ್ಸಿ. ದುಡ್ಡು ಖರ್ಚು, ಲ್ಯಾಬ್ ಕ್ಯೂ ಉದ್ದ ಇದ್ರೆ ಟೈಮೂ ಹೋಗತ್ತೆ, ಆದ್ರೂ ಮಾಡಿ. ಇನ್ನೊಂದು, ಪುಡಿ ಮಾಡಿದ್ದು ಯಾವ ಮಿಲ್‌ನಲ್ಲಿ ಅಂತ ಕೇಳಿ. ನಾನು ಶುರುವಿನಲ್ಲಿ ಒಂದು ಲ್ಯಾಬ್‌ನಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಮಿಲ್‌ನಲ್ಲಿ ಪುಡಿ ಮಾಡ್ಸಿ, ಟ್ಯಾಂಟಲಮ್ ಸಿಕ್ಕಾಪಟ್ಟೆ ಏರಿದ್ದು ನೋಡಿ ಏನೋ ಹೊಸದು ಕಂಡುಹಿಡಿದೆ ಅಂತ ಎರಡು ವಾರ ಮೆರೆದಿದ್ದೆ, ಆಮೇಲೆ ಕೋಬಾಲ್ಟೂ ಏರಿರೋದು ನೋಡಿದಾಗ ಗೊತ್ತಾಯ್ತು ಅದು ಮಿಲ್ ಸವೆದು ಉದುರಿದ್ದು, ಟಂಗ್‌ಸ್ಟನ್ನು, ಕೋಬಾಲ್ಟು, ಟ್ಯಾಂಟಲಮ್ಮು ಒಟ್ಟಿಗೆ ಬರ್ತಾವೆ. ನಿಮ್ಮ ಶೀಟ್‌ನಲ್ಲಿ ಕೋಬಾಲ್ಟ್ ನಾರ್ಮಲ್ ಇದೆ, ಆ ಭಯ ಇಲ್ಲ.

ಮಿಯಾಶಿರೊ ಮೇಲಿನ ಆಕ್ಷೇಪಣೆಯಲ್ಲಿ ಅರ್ಧ ಸತ್ಯ ಇತ್ತು ಅಂದಿದ್ನಲ್ಲ, ಅದು ಇಲ್ಲಿ ನಿಮಗೆ ತಾಗತ್ತೆ. ನಿಮ್ಮ ಕಲ್ಲು ಹಸಿರಾಗಿದೆ ಅಂದ್ರಿ, ಅದು ಕ್ಲೋರೈಟ್, ಎಪಿಡೋಟ್ ಅನ್ನೋ ಹಸಿರು ಖನಿಜ. ಬಿಸಿ ಸಮುದ್ರದ ನೀರು ಅದರೊಳಗೆ ಓಡಾಡಿದೆ, ಒಮಾನ್‌ನ ತಾಮ್ರ ಕೂಡ ಆ ಬಿಸಿನೀರು ತಂದಿಟ್ಟಿದ್ದೇ, ಮೆಸೊಪೊಟೇಮಿಯಾದವರು ಮಗನ್ ದೇಶದ ತಾಮ್ರ ಅಂತ ಬರೆದಿಟ್ಟಿದ್ದು ಈ ಬೆಟ್ಟದ್ದು ಅಂತಾರೆ. ತಾಮ್ರಕ್ಕೆ ಒಳ್ಳೇದಾಯ್ತು, ನಿಮ್ಮ ಪೊಟ್ಯಾಸಿಯಂ, ಸೋಡಿಯಂ, ರುಬಿಡಿಯಂ, ಬೇರಿಯಂಗೆ ಕೆಟ್ಟದಾಯ್ತು. ಆ ಪ್ಲಾಟ್‌ಗಳನ್ನ ತೆಗೆದುಹಾಕಿ, ಕ್ಷಾರಗಳ ಮೇಲೆ ನಿಂತಿರೋ ವರ್ಗೀಕರಣ ಚಿತ್ರಾನೂ ಬೇಡ. ಥೋರಿಯಂ, ನಿಯೋಬಿಯಂ, ಇಟರ್ಬಿಯಂ, ಟೈಟಾನಿಯಂ, ವನೇಡಿಯಂ, ಝಿರ್ಕೋನಿಯಂ ಇಟ್ಕೊಳಿ, ಸಾಕು.

ತೆಳುಪದರ (ಸೂಕ್ಷ್ಮದರ್ಶಕದಲ್ಲಿ ನೋಡೋಕೆ ತೆಳ್ಳಗೆ ಅರೆದ ಕಲ್ಲು) ಮಾಡ್ಸಿದೀರಾ? ಖರ್ಚು ಕಮ್ಮಿ, ನನ್ನ ಕೇಳಿದ್ರೆ ಐಸಿಪಿ-ಎಂಎಸ್‌ಗಿಂತ ಮೊದಲು ಮಾಡ್ಬೇಕಿತ್ತು. ಒಣ ಮ್ಯಾಗ್ಮಾ ತಣ್ಣಗಾಗ್ತಾ ಖನಿಜದ ಹರಳು ಕಟ್ಟುವಾಗ ಸಾಮಾನ್ಯವಾಗಿ ಆಲಿವೀನ್ ಆದ ಮೇಲೆ ಪ್ಲೇಜಿಯೋಕ್ಲೇಸ್ ಬಂದು ಆಮೇಲೆ ಕ್ಲಿನೊಪೈರಾಕ್ಸಿನ್ ಬರತ್ತೆ. ನೀರಿದ್ರೆ ಪ್ಲೇಜಿಯೋಕ್ಲೇಸ್ ಹಿಂದೆ ಬೀಳತ್ತೆ, ಪೈರಾಕ್ಸಿನ್ ಮುಂದೆ ಬರತ್ತೆ. ಐದನೇ ಸ್ಯಾಂಪಲ್‌ನಲ್ಲಿ ದೊಡ್ಡ ಹರಳು ಪೈರಾಕ್ಸಿನ್‌ದೇ ಆಗಿದ್ದು ಪ್ಲೇಜಿಯೋಕ್ಲೇಸ್ ಬರೀ ಸಣ್ಣ ಕಡ್ಡಿಗಳಾಗಿ ಸುತ್ತ ಇದ್ರೆ, ಅದು ಕಣ್ಣಿಗೆ ಕಾಣೋ ನೀರು. ಪೈರಾಕ್ಸಿನ್ ಸುಲಭಕ್ಕೆ ಹಾಳಾಗಲ್ಲ ಕೂಡ. ಅಪಾಯ ಏನಂದ್ರೆ ಪಿಲ್ಲೋ ಅಂಚಿನಿಂದ ಒಡೆದ ತುಂಡಾಗಿದ್ರೆ ಬರೀ ಗಾಜು ಕೊಳೆತ ಪುಡಿ ಕಾಣತ್ತೆ, ಏನೂ ಸಿಗಲ್ಲ.

ಐಸೋಟೋಪು, ಝಿರ್ಕಾನ್ ಅಂತ ಯಾರಾದ್ರೂ ಹೇಳಿದ್ರೆ ಈಗ ಬೇಡ ಅನ್ನಿ. ಬಸಾಲ್ಟ್‌ನಲ್ಲಿ ಝಿರ್ಕಾನ್ ಸಿಗೋದು ಅಪರೂಪ, ಸ್ಟ್ರಾನ್ಶಿಯಂ ಐಸೋಟೋಪ್‌ನ ಸಮುದ್ರದ ನೀರು ಕೆಡಿಸಿರತ್ತೆ, ನಿಯೋಡಿಮಿಯಂ ಚೆನ್ನಾಗಿರತ್ತೆ ಆದ್ರೆ ನಿಮ್ಮ ಟೈಮ್‌ನಲ್ಲಿ ಆಗಲ್ಲ.

ಟೈಟಲ್ ಬದಲಾಯಿಸೋದು ಅಗತ್ಯ, ಗೈಡ್ ಹತ್ರ ಇವತ್ತೇ ಮಾತಾಡಿ. ಆದ್ರೆ ಅಲ್ಲೂ ಒಂದು ಹಳ್ಳ ಇದೆ, ಉತ್ಸಾಹದಲ್ಲಿ 'ನಿಯೋಬಿಯಂ ಗುಂಡಿ ಇದೆ, ಆದ್ದರಿಂದ ಸಬ್‌ಡಕ್ಷನ್' ಅಂತ ಒಂದೇ ಸಾಲಲ್ಲಿ ಮುಗಿಸಿಬಿಡ್ತಾರೆ. ಖಂಡದ ಕ್ರಸ್ಟ್‌ನಲ್ಲೂ ಅದೇ ಗುಂಡಿ ಇದೆ, ಬಸಾಲ್ಟ್ ಅದನ್ನ ತಿಂದ್ಕೊಂಡು ಮೇಲೆ ಬಂದ್ರೂ ಗುಂಡಿ ಬರತ್ತೆ. ನಮ್ಮ ಡೆಕ್ಕನ್ ಟ್ರ್ಯಾಪ್‌ನ ಬುಶೆ ಲಾವಾ ನೋಡಿ, ಕ್ರಸ್ಟ್ ಬೆರೆತು ಹೆಸರುವಾಸಿ, ಅಲ್ಲೆಲ್ಲಿ ಸಬ್‌ಡಕ್ಷನ್ ಬಂತು? ಒಮಾನ್‌ನಲ್ಲಿ ಈ ನೆಪ ನಡಿಯಲ್ಲ, ಯಾಕಂದ್ರೆ ಲಾವಾ ಕೆಳಗೆ ಡೈಕ್, ಅದರ ಕೆಳಗೆ ಗ್ಯಾಬ್ರೊ, ಅದರ ಕೆಳಗೆ ನೇರ ಮ್ಯಾಂಟಲ್, ತಿನ್ನೋಕೆ ಖಂಡಾನೇ ಇಲ್ಲ. ಈ ವಾಕ್ಯ ಡಿಸ್ಕಶನ್ ಚಾಪ್ಟರ್‌ನಲ್ಲಿ ಇರ್ಲೇಬೇಕು. ನೀವು ಕಣ್ಣಾರೆ ನೋಡಿದ ಶೀಟೆಡ್ ಡೈಕ್ ಕೆಮಿಸ್ಟ್ರಿಗೆ ವಿರುದ್ಧ ಸಾಕ್ಷಿ ಅಲ್ಲ, ಕೆಮಿಸ್ಟ್ರಿ ಪರವಾಗೇ ನಿಲ್ಲೋದು ಹೀಗೆ. ಆರೇ ಸ್ಯಾಂಪಲ್, ಒಂದೇ ವಾದಿ, ಆದ್ದರಿಂದ ಇಡೀ ಒಮಾನ್ ಬಗ್ಗೆ ತೀರ್ಪು ಬೇಡ, 'ಈ ವಿಭಾಗದ ಲಾವಾಗಳಲ್ಲಿ' ಅಂತ ಬರೀರಿ.

ಎಲ್ಲಕ್ಕಿಂತ ಮೊದಲು ಫೀಲ್ಡ್ ನೋಟ್‌ಬುಕ್ ತೆಗೆದು ಐದು ಮತ್ತು ಆರನೇ ಸ್ಯಾಂಪಲ್ ಎಲ್ಲಿ ಒಡೆದಿದ್ದು ನೋಡಿ. ಉಳಿದ ನಾಲ್ಕಕ್ಕಿಂತ ಮೇಲಿನ ಹರಿವಿನವಾದ್ರೆ ನಿಮಗೆ ಜಿಯೋಟೈಮ್ಸ್ ಮೇಲೆ ಆ್ಯಲಿ ಸಿಕ್ಕಿರೋ ಸಾಧ್ಯತೆ ಇದೆ, ಕಥೆ ಕೂಡತ್ತೆ. ಮಧ್ಯದಲ್ಲೆಲ್ಲೋ ಒಡೆದಿದ್ರೆ ಪಿಲ್ಲೋಗಳನ್ನ ಸೀಳ್ಕೊಂಡು ಹೋಗಿರೋ ಆಮೇಲಿನ ಡೈಕ್ ಇರ್ಬಹುದು, ಫೋಟೋದಲ್ಲಿ ನೇರ ಅಂಚು, ಅಂಚಲ್ಲಿ ಕಪ್ಪಗೆ ಸಣ್ಣ ಕಣದ ಪಟ್ಟಿ ಕಾಣತ್ತಾ ಹುಡುಕಿ. ಯಾವುದು ಅಂತ ಗೊತ್ತಾದ ಮೇಲೆ ಆ ಫೋಟೋ ಜೊತೆ ಮತ್ತೆ ಬರೀರಿ, ಸುತ್ತಿಗೆ ಕಾಣೋ ಫೋಟೋ ಕಳಿಸಿ, ಅಳತೆ ಗೊತ್ತಾಗ್ಲಿ.